ಕೋಟೆ ಬಾಗಿಲು ತೆಗೆದವರ ಮನೆಯ ಹುಡುಗಿ

ನಾಟಕದ ದಿನ ಜಯಕುಮಾರನ ಮುಖವನ್ನೂ ನೋಡಬಾರದು ಎಂದುಕೊಂಡೇ ಹೋದೆ. ನೋಡಿಬಿಟ್ಟೆ. ಹಾಳಾದವನು, ದಳವಾಯಿ ವೇಷದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿದ್ದ. ಅದಕ್ಕೂ ಸಿಟ್ಟು ಬಂತು.

ಅವನು ಚನ್ನಪಟ್ಟಣದಲ್ಲಿ ಹಿಸ್ಟರಿ ಮೇಷ್ಟ್ರು. ನಾಟಕ ಬರೆದವನೂ ಅವನೇ, ಕೋಟೆ ಗೆಲ್ಲುವ ಮೈಸೂರಿನ ದಳವಾಯಿಯೂ ಅವನೇ. ನಾನು ಕೋಟೆಯ ರಾಣಿ. ಅತ್ತ ವಿಜಯನಗರ ಮುಳುಗುತ್ತಿದೆ, ಇತ್ತ ಮೈಸೂರು ಏಳುತ್ತಿದೆ, ನಡುವೆ ನಮ್ಮೂರು ಸಿಕ್ಕಿಹಾಕಿಕೊಂಡಿದೆ.

ಕೊನೆಯ ಅಂಕ ನನ್ನ ಕೈಗೆ ಬಂದದ್ದು ಎಲ್ಲರಿಗಿಂತ ತಡವಾಗಿ, ಹಿಂದಿನ ವಾರ. ಅದರಲ್ಲಿ ಕಾವಲುಗಾರನೊಬ್ಬ ಚಿನ್ನದಾಸೆಗೆ ಕೋಟೆ ಬಾಗಿಲು ತೆಗೆಯುತ್ತಾನೆ. ಓದಿ ಮೈಯೆಲ್ಲ ಉರಿಯಿತು.

ನಮ್ಮದು ಊರಿಗೆಲ್ಲ ‘ಬಾಗಿಲೋರ ಮನೆ’. ಬಾಗಿಲು ತೆಗೆದವನು ನಮ್ಮ ವಂಶದವನೇ ಎಂದು ಎಲ್ಲರೂ ನಂಬಿದ್ದಾರೆ. ವಿಜಯನಗರದ ಚಕ್ರವರ್ತಿಯ ಸೈನ್ಯ ಬರಲಿಲ್ಲ, ಒಳಗೆ ಮಕ್ಕಳು ನೀರಿಲ್ಲದೆ ಸಾಯುತ್ತಿದ್ದವು, ಅದಕ್ಕೇ ತೆಗೆದ ಎನ್ನುತ್ತಾರೆ ಅಪ್ಪ. ಸ್ಕೂಲಲ್ಲಿ ನನ್ನನ್ನು ‘ದ್ರೋಹಿ ಮೊಮ್ಮಗಳು’ ಎಂದು ರೇಗಿಸುತ್ತಿದ್ದರು. ಕಬ್ಬಾಳು ಬೆಟ್ಟದ ಕೆಳಗೆ ಬೈಕ್ ನಿಲ್ಲಿಸಿ, ಜಯಕುಮಾರನ ಕೈ ಹಿಡಿದುಕೊಂಡು, ಇದನ್ನೆಲ್ಲ ನಾನೇ ಹೇಳಿದ್ದೆ.

“ಏನೋ ಇದು ಬರ್ದಿರೋದು?” ಎಂದು ಅಂಕ ಓದಿದ ಕೂಡಲೇ ಅವನನ್ನು ಕೇಳಿದೆ.

“ನಾಟಕ ಅಂದ್ಮೇಲೆ ಒಬ್ಬ ವಿಲನ್ ಬೇಕಲ್ವಾ ನವ್ಯಾ? ಹೆಸ್ರೇನೂ ಹಾಕಿಲ್ವಲ್ಲ.”

“ಹೆಸ್ರು ಬೇರೆ ಹಾಕ್ಬೇಕಿತ್ತಾ? ಊರಿಗೇ ಗೊತ್ತೈತೆ! ನಮ್ಮಪ್ಪ ಮುಂದಿನ ಸಾಲಲ್ಲೇ ಕೂತಿರ್ತಾರೆ. ಬದಲಾಯ್ಸು.”

“ಈಗ ಹೆಂಗೆ? ಎಲ್ರೂ ಬಾಯಿಪಾಠ ಮಾಡ್ಬುಟ್ಟವ್ರೆ.”

“ಹಂಗಾದ್ರೆ ನನ್ ಹತ್ರ ಮಾತಾಡ್ಬೇಡ.”

ಅವನ ಒಂದು ಫೋನನ್ನೂ ನಾನು ಎತ್ತಲಿಲ್ಲ. ನಾಟಕದ ಒಂದಕ್ಷರವನ್ನೂ ಅವನು ಬದಲಾಯಿಸಲಿಲ್ಲ.

ಸ್ಟೇಜಿನ ಮೇಲೆ ಕಾವಲುಗಾರನ ವೇಷದ ಗೌಸ್ ಬಾಗಿಲು ತೆಗೆದ. ದಳವಾಯಿ ನುಗ್ಗಿ ಬಂದು ಗುಡುಗಿದ. “ಬಾಗಿಲು ತೆರೆದವನು ಯಾರು? ಬಂದು ಈ ಚಿನ್ನವನ್ನು ಸ್ವೀಕರಿಸಲಿ!”

ಮುಂದಿನ ಸಾಲಿನಲ್ಲಿ ಅಪ್ಪ ತಲೆ ತಗ್ಗಿಸಿದರು. ನನ್ನಿಂದ ತಡೆಯಲಾಗಲಿಲ್ಲ. ಗೌಸ್‌ನನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋದೆ.

“ನಾನೇ ತೆಗೆಸಿದ್ದು! ಚಕ್ರವರ್ತಿನೂ ಬರ್ಲಿಲ್ಲ, ನೀರೂ ಸಿಗ್ಲಿಲ್ಲ. ಮಕ್ಕಳ್ನ ಸಾಯ್ಸಿ ಕೋಟೆ ಉಳಿಸ್ಕೊಳೋಕೆ ನಂಗೇನ್ ತಲೆ ಕೆಟ್ಟೈತಾ? ನಿನ್ ಚಿನ್ನ ನೀನೇ ಇಟ್ಕೋ!”

ರಾಣಿಯ ಬಾಯಲ್ಲಿ ಊರ ಮಾತು ಕೇಳಿ ಯಾರೋ ವಿಸಿಲ್ ಹೊಡೆದರು. ಜಯಕುಮಾರ ಮಾತ್ರ ನನ್ನನ್ನೇ ನೋಡುತ್ತಿದ್ದ. ಅಂಟಿಸಿದ ಮೀಸೆ ಒಂದು ಕಡೆ ಕಿತ್ತುಬಂದಿತ್ತು. ಕಣ್ಣು ತುಂಬಿತ್ತು. ಅಯ್ಯೋ, ಆ ಕಣ್ಣು ನೋಡಿದರೆ ನನ್ನ ಸಿಟ್ಟು ಉಳಿಯುವುದಿಲ್ಲ ಎಂದು ಬೇರೆ ಕಡೆ ತಿರುಗಿಕೊಂಡೆ.

ಅವನು ಪೇಟ ತೆಗೆದು ಜನರತ್ತ ತಿರುಗಿದ.

“ಬಾಗಿಲು ತೆಗೆದೋನು ದ್ರೋಹಿ ಅಲ್ಲ. ಹಂಗೆ ಬರ್ದ ನಾನು ದಡ್ಡ. ಲಿಂಗಯ್ಯನೋರೇ, ತಪ್ಪಾಯ್ತು.”

ಅಪ್ಪ ತಲೆ ಎತ್ತಿದರು.

ಅಷ್ಟಕ್ಕೆ ಸುಮ್ಮನಿರಬಾರದಾ? “ನಿಮ್ ಮಗಳ್ನ ನಂಗೆ ಕೊಡ್ತೀರಾ?” ಎಂದುಬಿಟ್ಟ. ಜನ ‘ಓ’ ಎಂದರು.

“ಅವ್ರನ್ನೇನೋ ಕೇಳ್ತೀಯಾ?” ಎಂದು ಕಿರುಚಿದೆ. “ಮದ್ವೆ ಆಗ್ಬೇಕಿರೋಳು ಇಲ್ ನಿಂತಿದ್ದೀನಿ!”

ಅವನು ನನ್ನತ್ತ ತಿರುಗಿದ. “ನವ್ಯಾ, ನನ್ನ ಮದ್ವೆ ಆಗ್ತೀಯಾ?”

“ಮೊದ್ಲು ಕೊನೆ ಅಂಕ ತಿದ್ದಿ ಬರಿ. ಪಕ್ಕದಲ್ಲೇ ಕೂತ್ಕೊಂಡು ನೋಡ್ತೀನಿ,” ಎಂದೆ. “ಸಾಯೋವರ್ಗೂ.”