ಅಣ್ಣ ಅಂದರೆ ಏಳದ ಗಾಯಾಳು

ಕೋಡಿಹಳ್ಳಿಯ ಚನ್ನಯ್ಯ ರಾಮನಗರದ ಬಂಡೆಗಳ ಕೆಳಗಿನ ಮೈದಾನದಲ್ಲಿ ಸತ್ತುಹೋದ ಎಂಬ ಸುದ್ದಿ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಚನ್ನಪಟ್ಟಣ ದಾಟಿತ್ತು. ಮಾಗಡಿಯಲ್ಲಿ ಯಾರೋ ಹಾರವನ್ನೂ ಕೊಂಡರಂತೆ. ಸ್ವತಃ ಚನ್ನಯ್ಯನಿಗೆ ಮಾತ್ರ ವಿಷಯ ತಿಳಿದಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಪುಟ್ಟಲಕ್ಷ್ಮಿಯ ಬಳೆ ಸದ್ದು ಕೇಳುತ್ತಾ ಮಲಗಿದ್ದ.

ಆದದ್ದು ಇಷ್ಟು. ನೆರೆ ಬಂದರೆ, ಕಟ್ಟಡ ಕುಸಿದರೆ, ಫೈರ್ ಎಂಜಿನ್ ಬರುವ ತನಕ ಊರಿನವರೇ ಜನರನ್ನು ಉಳಿಸಿಕೊಳ್ಳಬೇಕು ಎಂದು ನಾಲ್ಕೂ ತಾಲ್ಲೂಕಿನ ಸ್ವಯಂಸೇವಕರಿಗೆ ಟ್ರೈನಿಂಗ್ ಇಟ್ಟಿದ್ದರು. ಅವತ್ತು ಕೊನೆಯ ದಿನ. ಮಾರನೆಯ ದಿನದಿಂದ ಚನ್ನಯ್ಯ ತನ್ನ ಕುರಿಮಂದೆಗೆ, ಪುಟ್ಟಲಕ್ಷ್ಮಿ ಅಕ್ಕೂರಿನ ತನ್ನ ರೇಷ್ಮೆಹುಳುಗಳಿಗೆ. ಮನಸ್ಸಿನಲ್ಲಿದ್ದದ್ದನ್ನು ಅವಳಿಗೆ ಹೇಳುವುದಿದ್ದರೆ ಅವತ್ತೇ ಹೇಳಬೇಕು.

ಅವನ ಧೈರ್ಯಕ್ಕೆ ಇದ್ದದ್ದು ಒಂದೇ ಆಧಾರ. ಪುಟ್ಟಲಕ್ಷ್ಮಿಗೆ ಟ್ರೈನಿಂಗಿಗೆ ಬಂದ ಗಂಡಸರೆಲ್ಲ ಅಣ್ಣಂದಿರು. ಮೀಸೆ ನರೆತ ಹನುಮಂತಯ್ಯನೂ ಅಣ್ಣ, ಟೀ ತರುವವನೂ ಅಣ್ಣ. ಚನ್ನಯ್ಯನ ಸರದಿ ಬಂದಾಗ ಮಾತ್ರ ನಾಲಿಗೆ ಎಡವುತ್ತಿತ್ತು.

“ನೋಡಿ... ಇವ್ರೇ... ಆ ಹಗ್ಗ ಒಸಿ ಕೊಡಿ.”

“ಇವ್ರು ಅಂದ್ರೆ ಯಾರು?”

“ಹಗ್ಗ ಯಾರ ಕೈಲೈತೋ ಅವ್ರು.”

ಹಾಗೆಂದು ಮುಖ ತಿರುಗಿಸುವಳು. ಮುಖ ಅತ್ತ ಹೋದರೂ ಕಣ್ಣಿನ ಒಂದು ಮೂಲೆ ಇತ್ತಲೇ ಉಳಿದಿರುತ್ತಿತ್ತು. ಆ ನೋಟ ಬಿದ್ದ ಹೊತ್ತಿನಲ್ಲಿ ಚನ್ನಯ್ಯ ಹಾಕಿದ ಒಂದು ಗಂಟನ್ನು ಎರಡು ಜೀಪು ಕಟ್ಟಿ ಎಳೆದರೂ ಬಿಚ್ಚಲಾಗಲಿಲ್ಲ. ಈಗಲೂ ಇದೆ, ಬೇಕಾದವರು ಹೋಗಿ ನೋಡಬಹುದು.

ಕೊನೆಯ ಪರೀಕ್ಷೆಯಲ್ಲಿ ತಗಡು ಒಟ್ಟಿ ಮಾಡಿದ ಸುಳ್ಳು ಕಟ್ಟಡ ಕುಸಿದಿರುತ್ತದೆ, ಒಳಗೊಬ್ಬ ಗಾಯಾಳು. ಮೊದಲು ಒಳಗೆ ಹೋಗುವವಳು ಪುಟ್ಟಲಕ್ಷ್ಮಿ ಎಂದು ಗೊತ್ತಾದದ್ದೇ ತಡ, ಚನ್ನಯ್ಯ ಕೈಯೆತ್ತಿದ.

“ಗಾಯಾಳು ನಾನೇ ಆಯ್ತೀನಿ ಸಾರ್.”

ಟ್ರೈನರ್ ವಜೀರ್ ಸಾಹೇಬರು ಫೈರ್ ಸ್ಟೇಷನ್ನಿನಿಂದ ರಿಟೈರ್ ಆದವರು. “ನಿನ್ಗೆ ಕಾಲು ಮುರ್ದೈತೆ ಕಣ್ಲಾ. ಅವ್ರು ಕರ್ದಾಗ ‘ಆ’ ಅನ್ನು. ಅಷ್ಟೇ ನಿನ್ ಕೆಲ್ಸ” ಎಂದರು.

ಬ್ಯಾಂಡೇಜ್ ಕಟ್ಟಲು ಬಗ್ಗುತ್ತಾಳೆ, ಕಿವಿ ಹತ್ತಿರ ಬರುತ್ತದೆ, ಆಗ ಹೇಳುವುದು ಎಂದು ಚನ್ನಯ್ಯ ಯೋಚಿಸಿದ್ದ. ಒಂದನ್ನು ಮರೆತಿದ್ದ. ಗಾಯಾಳು ಸಿಕ್ಕ ಕೂಡಲೇ ಭುಜ ತಟ್ಟಿ ಕೂಗಬೇಕು, ಗಂಡಸಾದರೆ ಅಣ್ಣ, ಹೆಂಗಸಾದರೆ ಅಕ್ಕ. ಸಾಹೇಬರ ಮೊದಲನೇ ಪಾಠವೇ ಅದು.

ತಗಡು ಸರಿಯಿತು. ಬಳೆ ಸದ್ದಾಯಿತು. ಭುಜದ ಮೇಲೆ ಎರಡು ಕೈ ಬಿದ್ದವು.

“ಅಣ್ಣಾ! ಅಣ್ಣಾ! ಕೇಳುಸ್ತೈತಾ?”

ಕಟ್ಟಡ ಆಗ ನಿಜವಾಗಿಯೂ ಚನ್ನಯ್ಯನ ಮೇಲೆ ಬಿತ್ತು. ನಮ್ಮ ಕಡೆ ಹುಡುಗಿಯೊಬ್ಬಳು ಜನರ ಮುಂದೆ ಅಣ್ಣ ಎಂದು ಕರೆದು, ಕರೆಸಿಕೊಂಡವನು ‘ಆ’ ಎಂದನೋ, ಮುಗಿಯಿತು. ಆಮೇಲೆ ಅವಳ ಮದುವೆಗೆ ಚಪ್ಪರ ಹಾಕುವುದಷ್ಟೇ ಅವನ ಪಾಲು. ಚನ್ನಯ್ಯ ಹಲ್ಲು ಕಚ್ಚಿಕೊಂಡು ಮಲಗಿದ.

“ಅಣ್ಣಾ!”

ಅವಳು ಭುಜ ಹಿಡಿದು ಅಲುಗಿಸಿದಳು.

“ಯಾ ಅಲ್ಲಾ! ಬಿಸ್ಲಿಗೆ ಹೋಗ್ಬುಟ್ಟವ್ನೆ!” ಎಂದು ಚನ್ನಪಟ್ಟಣದ ರೋಶನ್ ಬೀ ಚೀರಿದಳು. ಎಂಥ ಬೆಂಕಿಗೂ ಬೆಚ್ಚದ ವಜೀರ್ ಸಾಹೇಬರ ಬಾಯಿಂದ ಸೀಟಿ ಕೆಳಗೆ ಬಿತ್ತು.

“ಲೇ ಚನ್ನ, ಡ್ರಿಲ್ ನಿಲ್ಸಿವ್ನಿ, ಏಳ್ಲಾ!”

ಸಾಹೇಬರ ಮಾತಿಗೆ ಏಳಬಹುದಿತ್ತು. ಆದರೆ ಅದೇ ಗಳಿಗೆಗೆ ಪುಟ್ಟಲಕ್ಷ್ಮಿಯೂ ಅಣ್ಣಾ ಎಂದಿದ್ದಳು. ಯಾರ ಕೂಗಿಗೆ ಎದ್ದ ಎಂದು ನಾಳೆ ಯಾರಾದರೂ ತಕರಾರು ತೆಗೆದರೆ?

ಕೆನ್ನೆಯ ಮೇಲೆ ಬೆಚ್ಚಗಿನ ಹನಿಯೊಂದು ಬಿತ್ತು. ಮಳೆಯೆಂದುಕೊಂಡ. ಆಮೇಲೆ ಬಿಕ್ಕುವ ಸದ್ದು ಕೇಳಿಸಿತು. ತನಗಾಗಿ ಅವಳು ಅಳುತ್ತಿದ್ದಾಳೆ! ಆ ಆಘಾತಕ್ಕೆ ಚನ್ನಯ್ಯ ನಿಜವಾಗಿಯೂ ಉಸಿರಾಡುವುದನ್ನು ಮರೆತ.

ಅವಳ ಬೆರಳು ಅವನ ಕತ್ತಿನ ನಾಡಿ ಹುಡುಕಿತು. ದೊಡ್ಡಿಯ ಬಾಗಿಲು ತೆಗೆದಾಗ ಕುರಿಗಳು ನುಗ್ಗುವ ಹಾಗೆ ನಾಡಿ ನುಗ್ಗುತ್ತಿತ್ತು. ಬೆರಳು ಅಲ್ಲೇ ನಿಂತಿತು. ಬಿಕ್ಕೂ ನಿಂತಿತು. ಕಿವಿಯ ಹತ್ತಿರ ಬಿಸಿಯುಸಿರು.

“ಬದ್ಕಿದ್ದೀರಾ! ನನ್ ಜೀವ ಬಾಯಿಗ್ ಬಂದಿತ್ತು. ಯಾಕ್ರೀ ಏಳ್ತಿಲ್ಲ?”

ತುಟಿ ಅಲುಗದಂತೆ ಹೆಣ ಹೇಳಿತು: “ಅಣ್ಣ ಅಂದ್ಬುಟ್ರಲ್ಲ.”

ಈಗ ಉಸಿರು ನಿಂತದ್ದು ಅವಳದು. ಬಳೆಗಳೂ ಸದ್ದು ಮಾಡಲಿಲ್ಲ.

ಅಷ್ಟರಲ್ಲಿ ಹನುಮಂತಯ್ಯ ಬೀಡಿ ಎಸೆದು ಮುಂದೆ ಬಂದ. ಅವನಿಗಿಂತ ಮೊದಲು ವಾಸನೆ ಬಂತು.

“ಜರುಗವ್ವ. ಉಸ್ರು ನಿಂತ್ರೆ ಬಾಯಿಗ್ ಬಾಯಿ ಇಟ್ಟು ಊದ್ಬೇಕು ಅಂತ ಪಾಠದಾಗೈತೆ. ನಾನು ಊದ್ತೀನಿ.”

ಅವಳು ತಡೆಯುತ್ತಾಳೆ ಎಂದು ಚನ್ನಯ್ಯ ಕಾದ.

“ಬನ್ನಿ ಅಣ್ಣ,” ಎಂದಳು ಪುಟ್ಟಲಕ್ಷ್ಮಿ, ಜರುಗುತ್ತಾ. “ಜೋರಾಗಿ ಊದಿ.”

ಪೊದೆಮೀಸೆ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಮೂಗಿಗೆ ಮುಟ್ಟಿತು. ಚನ್ನಯ್ಯನ ಮುಖದ ಮೇಲೆಲ್ಲ ಬೆವರೊಡೆಯಿತು. ಆದರೂ ಕಣ್ಣು ಬಿಡಲಿಲ್ಲ. ಅವಳ ಅಣ್ಣನಾಗುವುದಕ್ಕಿಂತ ಇದೇ ವಾಸಿ.

“ತಡೀರಿ!”

ಅವಳ ದನಿ ಬದಲಾಗಿತ್ತು. “ಸಾರ್, ಗಾಯಾಳುಗೆ ಅಣ್ಣ ಅಂದ್ರೆ ಕೇಳ್ಸಲ್ಲ.”

“ಇನ್ನೇನಂದ್ರೆ ಕೇಳ್ಸುತ್ತಮ್ಮ?”

ಮೈದಾನವೆಲ್ಲ ಅವಳನ್ನೇ ನೋಡುತ್ತಿತ್ತು. ಪುಟ್ಟಲಕ್ಷ್ಮಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಕಟ್ಟಿಕೊಳ್ಳಬಹುದಾದವನನ್ನು ಮಾತ್ರ ನಮ್ಮ ಹುಡುಗಿಯರು ಕರೆಯುವ ಆ ಮಾತನ್ನು ಬಂಡೆಗೆ ಬಡಿದು ವಾಪಸ್ ಬರುವಷ್ಟು ಜೋರಾಗಿ ಕೂಗಿದಳು.

“ಮಾವಾ! ಏಳು ಮಾವ!”

“ಆ!” ಎಂದು ಚನ್ನಯ್ಯ ಎದ್ದು ಕೂತ. ಅವನ ಹಣೆ ಹನುಮಂತಯ್ಯನ ಹಣೆಗೆ ಬಡಿದ ಸದ್ದಿಗೆ, ಸುದ್ದಿ ಕೇಳಿ ಬಂಡೆಯ ತುದಿಯಲ್ಲಿ ಬಂದು ಕೂತಿದ್ದ ರಣಹದ್ದು ಬೇಸರಪಟ್ಟುಕೊಂಡು ಹಾರಿಹೋಯಿತು.

ರೋಶನ್ ಬೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ವಜೀರ್ ಸಾಹೇಬರು ಸೀಟಿ ಹೆಕ್ಕಿ ಮಣ್ಣೊರೆಸಿಕೊಂಡರು.

“ಕರ್ದಿದ್ದು ತಪ್ಪು. ಆದ್ರೂ ಗಾಯಾಳು ಎದ್ದ. ನೀನ್ ಪಾಸಮ್ಮ,” ಎಂದರು. “ಇವ್ನು ಫೇಲು. ಮಲಗ್ಲಾ, ನಿನ್ ಕಾಲು ಇನ್ನೂ ಮುರ್ದೇ ಐತೆ.”

ಸ್ಟ್ರೆಚರ್ ಬಂತು. ತಲೆಯ ಕಡೆ ಹಿಡಿದವಳು ಪುಟ್ಟಲಕ್ಷ್ಮಿ. ಮಲಗಿದ್ದವನಿಗೆ ಅವಳ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ರೆಪ್ಪೆ ಇನ್ನೂ ಒದ್ದೆ, ತುಟಿಯಲ್ಲಿ ತಡೆದಿಟ್ಟ ನಗು.

“ಆ ಮಾತು ಡ್ರಿಲ್‌ಗೋ, ನಿಜಕ್ಕೋ?” ಪಿಸುಗುಟ್ಟಿದ.

“ಅಕ್ಕೂರಿಗೆ ಬನ್ನಿ. ನಮ್ಮಪ್ಪನ ಮುಂದೆ ಹಿಂಗೆ ಸತ್ತಂಗೆ ಬೀಳ್ಬ್ಯಾಡಿ. ನಿಂತ್ಕಂಡು ಕೇಳಿ.”

“ಬತ್ತೀನಿ. ಈಗ ಒಂದೇ ಒಂದ್ಸಲ ಹಂಗೇ ಕರೀರಿ.”

“ಎಚ್ಚರ ಇರೋರ್ನ ಕರಿಯಂಗಿಲ್ಲ. ಪಾಠದಾಗಿಲ್ಲ.”

ಚನ್ನಯ್ಯ ತಟ್ಟನೆ ಕಣ್ಣು ಮುಚ್ಚಿಕೊಂಡ.

ಬಳೆ ಸದ್ದು ಕಿವಿಯ ಹತ್ತಿರ ಬಂತು.