ಪಾಸ್ಟರ್ ಕಿವಿ ಕೆಂಪಾದಾಗ

ಪಾಸ್ಟರ್ ಅವಳ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು, "ಚರ್ಚಿನ ಸೌಂಡ್ ಸಿಸ್ಟಮ್ ಕೆಟ್ಟಿದೆ" ಎಂದಾಗ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಮೇಜಿನ ಕೆಳಗೆ ಉರುಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವಳು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಏನಾಗಿದೆ ಪಾಸ್ಟರ್?"

"ಪ್ರಸಂಗದ ನಡುವೆ ಧ್ವನಿ ಇಳಿದುಹೋಗುತ್ತೆ. ಮುಂದೆ ಕೂತೋರು ನನ್ನನ್ನ ಹುಲಿ ಅಂತಾರೆ, ಹಿಂದೆ ಕೂತೋರು ಹಸು ಅಂತಾರೆ. ಈಗ ಎಲ್ಲರೂ ಹಿಂದಕ್ಕೆ ಹೋಗಿಬಿಟ್ಟಿದಾರೆ. ಮುಂದಿನ ಬೆಂಚಲ್ಲಿ ಉಳಿದಿರೋದು ನಿಮ್ಮ ಅಜ್ಜಿ ಒಬ್ಬರೇ."

"ಅಜ್ಜಿಗೆ ಹುಲಿ ಇಷ್ಟ."

ಅವನು ನಗಲಿಲ್ಲ. ಆದರೆ ನಗು ತಡೆಯಲು ಅವನು ಕೆಳತುಟಿ ಕಚ್ಚಿದ್ದನ್ನು ಅವಳು ಕಂಡಳು. ಆ ತುಟಿಯ ಮೇಲೆ ಅವಳ ಕಣ್ಣು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು.

"ಭಾನುವಾರಕ್ಕೆ ನಾನು ಬಂದು ವರ್ಷ ತುಂಬುತ್ತೆ" ಎಂದನು ಅವನು. "ಆರಾಧನೆ ಮುಗಿದ ಮೇಲೆ ಹಿರಿಯರು ಕೂತು, ನಾನು ಇಲ್ಲಿರಬೇಕೋ ಬೇಡವೋ ಅಂತ ತೀರ್ಮಾನ ಮಾಡ್ತಾರೆ. ಅವತ್ತಾದರೂ ಎಲ್ಲರಿಗೂ ನಾನು ಒಂದೇ ಥರ ಕೇಳಿಸಬೇಕು. ಸಂಜೆ ಬಂದು ನೋಡ್ತೀರಾ?"

ನೋಡುವುದೇನು, ಸಿಸ್ಟಮ್ ಗಟ್ಟಿಮುಟ್ಟಾಗಿತ್ತು. ಕೆಟ್ಟದ್ದು ಏನಾದರೂ ಇದ್ದರೆ ಅದು ಅವಳ ಬೆರಳು.

ಅವಳ ಸ್ವಭಾವವೇ ಹಾಗೆ. ಸುಟ್ಟು ಕರಕಲಾದ ಫ್ಯಾನ್ ತಂದವರಿಗೂ "ಕೆಟ್ಟಿದೆ" ಎಂದು ಹೇಳಲು ಬಾಯಿ ಬಾರದು, "ಪಾಪ, ಸ್ವಲ್ಪ ಸುಸ್ತಾಗಿದೆ" ಎನ್ನುವಳು. ಮೈಕಿಗೆ ಹಲೋ ಹಲೋ ಎಂದು ಪರೀಕ್ಷೆ ಮಾಡುವ ಅವಳನ್ನು ಸಭೆಯವರೆಲ್ಲ ಹಲೋ ಅಕ್ಕ ಎಂದೇ ಕರೆಯುತ್ತಿದ್ದರು. ಪ್ರತಿ ಭಾನುವಾರ ಕೊನೆಯ ಕಂಬದ ಪಕ್ಕದಲ್ಲಿ, ಸೌಂಡ್ ಮೇಜಿನ ಹಿಂದೆ ಅವಳ ಜಾಗ.

ಪಾಸ್ಟರ್ ತನ್ನ ಮೊದಲ ಪ್ರಸಂಗದಲ್ಲೇ ತಡವಾಗಿ ಬಂದವರನ್ನು ತರಾಟೆಗೆ ತೆಗೆದುಕೊಂಡಿದ್ದನು. ಆಗಷ್ಟೇ ಅಳುವ ಮಗುವನ್ನೆತ್ತಿಕೊಂಡು ಒಳಬಂದಿದ್ದ ತಾಯಿಯೊಬ್ಬಳ ಮುಖ ಬಾಡಿತು. ಹಲೋ ಅಕ್ಕ ತಡೆಯಲಾರದೆ ಮೈಕಿನ ಧ್ವನಿ ಇಳಿಸಿದಳು. ಅಂದಿನಿಂದ ಅದೇ ಅಭ್ಯಾಸವಾಯಿತು. ಬೈಗುಳ ಬಾಯಿಗೆ ಬರುವ ಮೊದಲೇ ಅವನ ಕಿವಿ ಕೆಂಪಾಗುತ್ತಿತ್ತು. ಕಿವಿ ಕೆಂಪಾದೊಡನೆ ಅವಳು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಾಜೂಕಾಗಿ ಧ್ವನಿ ತಗ್ಗಿಸುವಳು. "ದೇವರು ನಿಮ್ಮನ್ನು ಪ್ರೀತಿಸುತ್ತಾನೆ" ಎಂಬಲ್ಲಿಗೆ ಬಂದಾಗ ಮತ್ತೆ ಏರಿಸುವಳು. ಹೀಗಾಗಿ ಮುಂದಿನವರಿಗೆ ಮೈಕಿಲ್ಲದೆಯೂ ಬೈಗುಳ ಮುಟ್ಟುತ್ತಿತ್ತು, ಹಿಂದಿನ ಬೆಂಚಿನವರಿಗೆ ವರ್ಷವಿಡೀ ಸಿಕ್ಕಿದ್ದು ಬರೀ ಸಕ್ಕರೆ.

ವರ್ಷವಿಡೀ ಒಬ್ಬ ಗಂಡಸಿನ ಕಿವಿಯನ್ನೇ ನೋಡುತ್ತ ಕೂತರೆ ಹೆಣ್ಣಿಗೆ ಏನಾಗಬೇಕೋ ಅದು ಅವಳಿಗೂ ಆಗಿತ್ತು. ಅದನ್ನೂ ಅವಳು ಯಾರಿಗೂ ಹೇಳಿರಲಿಲ್ಲ.

ಸಂಜೆ ಖಾಲಿ ಚರ್ಚಿನಲ್ಲಿ ಅವನು ಪ್ರಸಂಗಪೀಠ ಹತ್ತಿದನು, ಅವಳು ಸೌಂಡ್ ಮೇಜಿನ ಹಿಂದೆ ಕೂತಳು.

"ಕರ್ತನು ಒಳ್ಳೆಯವನು" ಎಂದನು. ಧ್ವನಿ ಗೋಡೆಗೋಡೆಗೂ ತುಂಬಿತು.

"ಚೆನ್ನಾಗಿದೆ ಪಾಸ್ಟರ್."

"ನೆರೆಯವನು ನೋವಲ್ಲಿದ್ದಾಗ ಬೆನ್ನು ತಿರುಗಿಸಿ ಕೂತವರೇ..." ಕಿವಿ ಕೆಂಪಾಯಿತು. ಅವಳ ಬೆರಳು ಅವಳನ್ನು ಕೇಳದೆ ಕೆಳಗಿಳಿಯಿತು. ಧ್ವನಿಯೂ ಇಳಿಯಿತು.

ಅವನು ಮಾತು ನಿಲ್ಲಿಸಿ ಖಾಲಿ ಬೆಂಚುಗಳ ಮೇಲಿಂದ ಆ ಬೆರಳನ್ನೇ ನೋಡುತ್ತಿದ್ದನು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ನೀವಾ?" ಎಂದನು. ಕೆಳಗಿಳಿದು ಬಂದು ಮೇಜಿನ ಎದುರು ನಿಂತನು. "ಯಾವಾಗಿಂದ?"

"ನೀವು ಬಂದಾಗಿಂದ. ನಿಮ್ಮ ಮರ್ಯಾದೆ ಉಳಿಸೋಣ ಅಂತ..."

"ನೀವು ಉಳಿಸಿದ್ದು ನಿಮ್ಮ ಸಂಕೋಚಾನ. ನಾನು ತಪ್ಪು ಮಾಡ್ತಿದೀನಿ ಅಂತ ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲ. ನನ್ನ ಬಾಯಿ ಮುಚ್ಚಿಸಿದ್ರಿ, ಅದೂ ನನಗೇ ಗೊತ್ತಾಗದ ಹಾಗೆ."

ಮಾತು ನಾಟಿತು. ನಿಜವಾದದ್ದರಿಂದ ಇನ್ನೂ ಆಳಕ್ಕೆ ನಾಟಿತು. ಅವಳ ಕಣ್ಣು ತುಂಬಿತು, ಜೊತೆಗೆ ಸಿಟ್ಟೂ ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು.

"ಸರಿ, ಈಗ ಹೇಳ್ತೀನಿ, ಕೇಳಿ. ನೀವು ಹೇಳೋದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಅಜ್ಜಿ ಹಾಸಿಗೆ ಹಿಡಿದಾಗ ಮಾತ್ರೆ ನುಂಗಲ್ಲ ಅಂತ ಹಟ ಮಾಡಿದ್ರಲ್ಲ, ನೆನಪಿದೆಯಾ? ನೀವು ನೆಲದ ಮೇಲೆ ಕೂತು, ಅವರ ಕಾಲು ಒತ್ತುತ್ತ ಬೈದ್ರಿ. ಇಲ್ಲಿ ಬೈಯೋದಕ್ಕಿಂತ ಜೋರಾಗೇ ಬೈದ್ರಿ. ಅಜ್ಜಿ ನಗ್ತಾ ನುಂಗಿದ್ರು. ಆ ಮನುಷ್ಯ ಈ ಪೀಠದ ಮೆಟ್ಟಿಲು ಹತ್ತೋವಾಗ ಎಲ್ಲಿ ತಪ್ಪಿಸಿಕೊಳ್ತಾನೆ ಪಾಸ್ಟರ್? ನಾನು ವರ್ಷದಿಂದ ಅವನನ್ನೇ ಕಾಯ್ತಾ ಇದೀನಿ."

ಕೊನೆಯ ಮಾತು ಹೇಗೆ ಹೊರಬಿತ್ತೋ ಅವಳಿಗೇ ತಿಳಿಯಲಿಲ್ಲ. ಅವನು ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡನು.

"ಹೆದರಿಕೆ" ಎಂದನು ಆಮೇಲೆ. "ಮೇಲೆ ನಿಂತಾಗ ಕಾಲು ನಡುಗುತ್ತೆ. ನಡುಗೋದು ಯಾರಿಗೂ ಕಾಣಬಾರದು ಅಂತ ಗಟ್ಟಿಯಾಗಿ ಮಾತಾಡ್ತೀನಿ."

ಅವಳಿಗೆ ಅವನ ಕೈ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ.

"ಭಾನುವಾರ ನನ್ನ ಧ್ವನಿ ಇಳಿಸೋಕೆ ಹೋಗಬೇಡಿ" ಎಂದನು ಅವನು. "ನಾನು ದಾರಿ ತಪ್ಪಿದ್ರೆ ಎದ್ದು ನಿಲ್ಲಿ. ನನಗೆ ಕಾಣೋ ಹಾಗೆ."

"ಎಲ್ಲರ ಮುಂದೆನಾ?"

"ಎಲ್ಲರ ಮುಂದೆ."

ಭಾನುವಾರ ಹಿರಿಯರು ಗೋಡೆಯ ಪಕ್ಕ ಸಾಲಾಗಿ, ಅಳೆದು ತೂಗುವ ಮುಖ ಮಾಡಿಕೊಂಡು ಕೂತಿದ್ದರು. ಹಿಂದಿನ ಬೆಂಚುಗಳಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಅವುಗಳ ನಡುವೆ ಒಂದು ಬೆಂಚು ಮಾತ್ರ ಹೆಚ್ಚುಕಡಿಮೆ ಬರಿದಾಗಿತ್ತು. ಜೈಲಿನಿಂದ ಬಿಡುಗಡೆಯಾಗಿ ಬಂದಿದ್ದ ಬಡಗಿ ಅದರ ತುದಿಯಲ್ಲಿ ಒಬ್ಬನೇ ಕೂತಿದ್ದನು. ಜನ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತರೇ ಹೊರತು ಅವನ ಪಕ್ಕಕ್ಕೆ ಯಾರೂ ಸರಿಯಲಿಲ್ಲ.

ಪಾಸ್ಟರ್ ಅದನ್ನು ಕಂಡನು. ಹೇಳಲೇಬೇಕಾದ ಮಾತು ಅದು, ಅವಳಿಗೂ ಗೊತ್ತಿತ್ತು.

"ನಿಮ್ಮ ನಡುವೆ ಒಂದು ಬೆಂಚು ಖಾಲಿ ಇದೆ" ಎಂದು ಅವನು ಶುರು ಮಾಡಿದನು. "ಇಷ್ಟು ವರ್ಷ ದೇವರ ವಾಕ್ಯ ಕೇಳಿ ನೀವು ಕಲಿತದ್ದು ಇದನ್ನಾ?" ಕಿವಿ ಕೆಂಪಾಯಿತು, ಧ್ವನಿ ಏರಿತು. ಬೆಂಚಿನ ತುದಿಯಲ್ಲಿ ಬಡಗಿಯ ತಲೆಯೇ ಎಲ್ಲರಿಗಿಂತ ಮೊದಲು ತಗ್ಗಿತು.

ಅವಳ ಬೆರಳು ತುಡಿಯಿತು. ಅವಳು ಮುಷ್ಟಿ ಬಿಗಿದು ಎದ್ದು ನಿಂತಳು.

ಕುರ್ಚಿ ಕರಕರ ಎಂದು ಹಿಂದೆ ಸರಿಯಿತು. ಸಭೆಯೇ ತಿರುಗಿ ನೋಡಿತು. ಅವಳ ಮೊಣಕಾಲು ನಡುಗುತ್ತಿತ್ತು, ಆದರೂ ಅವಳು ಕೂರಲಿಲ್ಲ. ಅವನ ಕಣ್ಣು ದೂರದಿಂದ ಬಂದು ಅವಳ ಕಣ್ಣಲ್ಲಿ ನಿಂತಿತು.

ಅವನು ಮೈಕ್ ಆರಿಸಿ ಪೀಠದ ಮೆಟ್ಟಿಲಿಳಿದನು. ನಡುದಾರಿಯಲ್ಲಿ ನಡೆದು ಬಂದು ಬಡಗಿಯ ಪಕ್ಕದಲ್ಲಿ ಕೂತನು.

"ಇವರು ಬಂದು ತಿಂಗಳಾಯ್ತು" ಎಂದನು, ಸಾದಾ ಧ್ವನಿಯಲ್ಲಿ. "ನಾನು ಇವರ ಬಗ್ಗೆ ಪ್ರಾರ್ಥನೆ ಮಾಡಿದೆ, ಪ್ರಸಂಗಾನೂ ತಯಾರು ಮಾಡಿದೆ. ಪಕ್ಕದಲ್ಲಿ ಕೂರಲಿಲ್ಲ. ನಾವು ಮಾಡ್ತಿರೋದು ತಪ್ಪು. ಆದರೆ ನನಗೆ ನಿಮ್ಮನ್ನ ಗೊತ್ತು. ನನಗೆ ಜ್ವರ ಬಂದಾಗ ಸರದಿ ಮೇಲೆ ರಾತ್ರಿಯೆಲ್ಲ ಪಕ್ಕದಲ್ಲಿ ಕಾದವರು ನೀವು. ನಿಮ್ಮ ಕೈಲಿ ಆಗದ್ದನ್ನ ನಾನು ಕೇಳ್ತಿಲ್ಲ. ಸ್ವಲ್ಪ ಸರಿದು ಕೂರೋಣ, ಅಷ್ಟೇ."

ಕೊನೆಯ ಸಾಲಿನವರೆಗೂ ಪ್ರತಿ ಮಾತೂ ಕೇಳಿಸಿತು. ಮೊದಲು ಎದ್ದವಳು, ಅವನ ಮೊದಲ ಪ್ರಸಂಗಕ್ಕೆ ತಡವಾಗಿ ಬಂದಿದ್ದ ಆ ಮಗುವಿನ ತಾಯಿ. ಬಡಗಿಯ ಇನ್ನೊಂದು ಪಕ್ಕ ಕೂತು, ಕೇಳದೆಯೇ ಮಗುವನ್ನು ಅವನ ತೊಡೆಯ ಮೇಲೆ ಇಟ್ಟುಬಿಟ್ಟಳು. ಆಮೇಲೆ ಆ ಬೆಂಚಿನಲ್ಲಿ ಜಾಗಕ್ಕೆ ತಳ್ಳಾಟವೇ ಆಯಿತು.

"ಇವತ್ತು ಹುಲಿಗೆ ಬುದ್ಧಿ ಬಂತು" ಎಂದು ಮುಂದಿನ ಬೆಂಚಿನಿಂದ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಹಿರಿಯರಲ್ಲಿ ಒಬ್ಬರು ಕೆಮ್ಮುತ್ತ ನಕ್ಕರು. ಆರಾಧನೆ ಮುಗಿದ ಮೇಲೆ ಅವರ ತೀರ್ಮಾನಕ್ಕೆ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಅವಳು ತಂತಿ ಸುತ್ತಿಡುತ್ತಿದ್ದಾಗ ಅವನು ಕಂಬದ ಪಕ್ಕಕ್ಕೆ ಬಂದನು.

"ಇರೋಕೆ ಹೇಳಿದ್ರು."

"ಗೊತ್ತು. ಅಜ್ಜಿ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ರು."

"ಇನ್ನು ಮುಂದೆ ನಾನು ತಪ್ಪಿದಾಗೆಲ್ಲ ಎದ್ದು ನಿಲ್ತೀರಾ?"

"ವಾರವಾರ ನಿಲ್ಲೋಕೆ ನನ್ನ ಮೊಣಕಾಲಲ್ಲಿ ಶಕ್ತಿ ಇಲ್ಲ ಪಾಸ್ಟರ್."

"ಹಾಗಾದ್ರೆ ಶನಿವಾರವೇ ಹೇಳಿಬಿಡಿ. ಮನೇಲಿ."

"ಯಾರ ಮನೇಲಿ?"

ಅವನ ಕಿವಿ ಕೆಂಪಾಯಿತು. ಅಭ್ಯಾಸಬಲದಿಂದ ಅವಳ ಬೆರಳು ಮೇಜಿನತ್ತ ಹೋಯಿತು. ಅವನು ಆ ಬೆರಳನ್ನು ಹಿಡಿದುಕೊಂಡನು.

"ನಮ್ಮಿಬ್ಬರ ಮನೇಲಿ" ಎಂದನು. ಅದು ಅವಳೊಬ್ಬಳಿಗೆ ಮಾತ್ರ ಕೇಳಿಸಿತು.

"ಇನ್ನೂ ಸ್ವಲ್ಪ ಜೋರಾಗಿ ಹೇಳಿ" ಎಂದಳು ಅವಳು.