ಗಾಜು ಹೊರೋಕೆ ಇಬ್ಬರು ಬೇಕು

ನಮ್ಮ ಬೀದಿಗೆ ಗಾಡಿ ಬರಬಾರದು ಅಂತ ಎರಡೂ ತುದಿಗೆ ಸಿಮೆಂಟಿನ ಹೂಕುಂಡ ತಂದಿಟ್ಟರು. ನೋಡೋಕೇನೋ ಚೆನ್ನಾಗಿದೆ. ಜನ ಆರಾಮಾಗಿ ಓಡಾಡ್ತಾರೆ, ಐಸ್‌ಕ್ರೀಮ್ ತಿಂತಾರೆ, ನನ್ನ ಅಂಗಡಿ ಕನ್ನಡೀಲಿ ಕೂದಲು ಸರಿ ಮಾಡ್ಕೊಂಡು ಮುಂದೆ ಹೋಗ್ತಾರೆ. ಆಳೆತ್ತರದ ಕನ್ನಡೀನ ಕಂಕುಳಲ್ಲಿ ಇಟ್ಕೊಂಡು ಬಸ್ ಹತ್ತೋರು ಯಾರು ಹೇಳಿ? ಕಾರಲ್ಲಿ ಬರ್ತಿದ್ದ ಗಿರಾಕಿಗಳೆಲ್ಲ ಬರೋದೇ ನಿಲ್ಲಿಸಿಬಿಟ್ಟರು.

ನಾನು ಕನ್ನಡಿಗೆ ಫ್ರೇಮ್ ಕಟ್ಟೋಳು. ಅಪ್ಪನ ಕಾಲದ ಅಂಗಡಿ, ಈಗ ಅಪ್ಪ ಇಲ್ಲ. ಅಂಗಡಿ ತುಂಬ ಕನ್ನಡಿ, ಎಲ್ಲದರಲ್ಲೂ ನಾನೊಬ್ಬಳೇ. ಸಂಜೆ ಹೊತ್ತಿಗೆ ನನ್ನ ಮುಖ ನೋಡಿ ನೋಡಿ ನನಗೇ ಸಾಕಾಗಿಹೋಗೋದು.

ಹೂಕುಂಡದಿಂದ ನನಗಾದ ಲಾಭ ಒಂದೇ. ಮೊದಲು ಗಾಜಿನ ವ್ಯಾನಿನವನು ಬಾಗಿಲಿಗೇ ಬಂದು, ಗಾಜು ಇಳಿಸಿ, ಸಹಿ ಹಾಕಿಸ್ಕೊಂಡು ಹೊರಟುಬಿಡ್ತಿದ್ದ. ಈಗ ವ್ಯಾನು ಬೀದಿ ತುದೀಲೇ ನಿಲ್ಲಬೇಕು. ಅಲ್ಲಿಂದ ಕೈಯಲ್ಲೇ ಹೊತ್ತು ತರಬೇಕು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ.

"ಸ್ವಲ್ಪ ಕೈ ಕೊಡ್ತೀರಾ ಮೇಡಂ?" ಅಂದ ಮೊದಲ ದಿನ.

ಅವನು ಮುಂದೆ, ನಾನು ಹಿಂದೆ, ನಡುವೆ ಗಾಜು. ಆಸಾಮಿ ನನ್ನ ಕಡೆ ಮುಖ ಮಾಡಿ ಹಿಂದಹಿಂದಕ್ಕೆ ನಡೀತಾನೆ!

"ದಾರಿ ನೋಡ್ಕೊಂಡು ನಡೀರೀ!"

"ದಾರಿ ನೋಡೋಕೆ ನೀವಿದ್ದೀರಲ್ಲ."

"ಬೆಂಚಿದೆ, ಎಡಕ್ಕೆ ಬನ್ನಿ... ಅಯ್ಯೋ, ನಿಮ್ಮ ಎಡಕ್ಕೆ!"

ನಕ್ಕ. ನಕ್ಕರೆ ಒಂದೇ ಕೆನ್ನೇಲಿ ಗುಳಿ ಬೀಳುತ್ತೆ. ಗಾಜು ನೋಡೋ ನೆಪದಲ್ಲಿ ನಾನು ಅದನ್ನೇ ನೋಡ್ತಿದ್ದೆ.

ಆಮೇಲೆ ನನಗೆ ಹುಚ್ಚು ಹಿಡೀತು ಅಂತಲೇ ಇಟ್ಕೊಳ್ಳಿ. ಗಿರಾಕಿ ಇಲ್ಲ, ಕೆಲಸ ಇಲ್ಲ, ಆದರೂ ಪ್ರತಿ ವಾರ ಫೋನ್ ಮಾಡಿ "ಇನ್ನೊಂದು ಗಾಜು ಕಳಿಸಿ, ಅರ್ಜೆಂಟು" ಅಂತಿದ್ದೆ. ಬಂದ ಗಾಜು ಹಿಂದಿನ ಕೋಣೆ ಸೇರೋದು. ಸೋದರತ್ತೆ ಒಂದಿನ ಬಂದು ನೋಡಿ, "ಏನೇ ಇದು, ಗಾಜಿನ ಮನೆ ಕಟ್ತೀಯಾ?" ಅಂದರು. ನಾನು ಮಾತು ಹಾರಿಸಿದೆ.

ವಾರಕ್ಕೊಂದು ಸಲ ಆ ನಡಿಗೆ. ಉಳಿದ ದಿನವೆಲ್ಲ ಅಂಗಡಿ ಬಿಕೋ ಅನ್ನೋದು.

ಹೀಗೇ ಎಷ್ಟು ದಿನ ನಡೆಯುತ್ತೆ? ಕೊನೆಗೆ ಅತ್ತೆ ಊರಾಚೆ ದೊಡ್ಡ ರಸ್ತೆ ಪಕ್ಕ ಒಂದು ಮಳಿಗೆ ಹುಡುಕಿದರು. ಬಾಗಿಲ ಮುಂದೆಯೇ ಕಾರು, ಲಾರಿ, ಏನು ಬೇಕಾದರೂ ನಿಲ್ಲುತ್ತೆ. ಎಲ್ಲರೂ ಒಳ್ಳೇದಾಯ್ತು ಅಂದರು. ನನಗೆ ಮಾತ್ರ ಒಂದೇ ಯೋಚನೆ. ವ್ಯಾನು ಬಾಗಿಲಿಗೇ ಬಂದಮೇಲೆ ನನ್ನ ಕೈ ಯಾರಿಗೆ ಬೇಕು?

ಅಂಗಡಿ ಖಾಲಿ ಮಾಡೋ ದಿನ ಅವನನ್ನೇ ಕರೆದೆ. ಹಿಂದಿನ ಕೋಣೆ ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟ. ಎಲ್ಲ ಅವನೇ ತಂದ ಗಾಜು. ಒಂದಕ್ಕೂ ಸುತ್ತಿದ ಕಾಗದ ಬಿಚ್ಚಿರಲಿಲ್ಲ.

"ಮೇಡಂ... ಇದೆಲ್ಲ ಅರ್ಜೆಂಟು ಅಂದಿದ್ರಿ."

ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಮುಖ ತಿರುಗಿಸಿ, "ಒಂದೊಂದಾಗಿ ಹೊರೋಣ ಬನ್ನಿ," ಅಂದೆ.

ಅವನು ಹೊರಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಮುಗೀತು, ಇದ್ದ ಮರ್ಯಾದೆಯೂ ಹೋಯ್ತು ಅಂದ್ಕೊಂಡೆ. ಅಷ್ಟರಲ್ಲಿ ಬೀದೀಲಿ ಗಡಗಡ ಸದ್ದು. ಟ್ರಾಲಿ ತಳ್ಕೊಂಡು ಬರ್ತಿದ್ದಾನೆ! ಗಾಜು ನಿಲ್ಲಿಸೋಕಂತಲೇ ಮಾಡಿದ್ದು, ಹಲಗೆ, ಬೆಲ್ಟು ಎಲ್ಲ ಇದೆ.

"ಇದನ್ನ ಯಾವಾಗ ತಗೊಂಡ್ರಿ?"

"ಹೂಕುಂಡ ಇಟ್ಟ ವಾರವೇ ಕಂಪನಿಯವರು ಕೊಟ್ಟಿದ್ರು." ಅವನ ಕಿವಿ ಕೆಂಪಾಗಿತ್ತು. "ವ್ಯಾನಲ್ಲಿ ಕಂಬಳಿ ಹೊದಿಸಿ ಇಟ್ಟಿದ್ದೆ."

"ಅಷ್ಟು ದಿನ ನನ್ನ ಕೈಲಿ ಹೊರಿಸಿದ್ರಲ್ರೀ! ರಟ್ಟೆ ಬಿದ್ದುಹೋಗಿತ್ತು ನಂದು!"

"ನೀವೂ ಬೇಡದ ಗಾಜನ್ನೆಲ್ಲ ನನ್ನ ಕೈಲಿ ಹೊರಿಸಿದ್ರಲ್ಲ."

ನಗು ಬಂತು, ಜೊತೆಗೇ ಅಳೂ ಬಂತು. ಟ್ರಾಲೀಲಿ ಗಾಜೆಲ್ಲ ಬೇಗ ಸಾಗಿಹೋಯ್ತು. ಖಾಲಿ ಅಂಗಡೀಲಿ ನಮ್ಮ ಮಾತೇ ನಮಗೆ ದೊಡ್ಡದಾಗಿ ಕೇಳಿಸ್ತಿತ್ತು.

"ಅಲ್ಲಿ ಬಾಗಿಲಿಗೇ ವ್ಯಾನು ಬರುತ್ತೆ," ಅಂದೆ. "ಹೊರೋಕೆ ಏನೂ ಇರಲ್ಲ."

"ನೆಪ ಹುಡುಕಿ ಹುಡುಕಿ ಸಾಕಾಗಿದೆ ನಂಗೆ. ನಿಮ್ಮನ್ನ ನೋಡೋಕೇ ಬರ್ತೀನಿ. ಬರ್ಲಾ?"

"ಬನ್ನಿ. ಟ್ರಾಲಿ ತರಬೇಡಿ."

ಗೋಡೇಲಿ ಅಪ್ಪನ ದೊಡ್ಡ ಕನ್ನಡಿ ಒಂದು ಉಳಿದಿತ್ತು. ಇದನ್ನ ಕೈಯಲ್ಲೇ ಒಯ್ಯೋಣ ಅಂದೆ. ಆ ತುದಿ ಅವನು ಹಿಡಿದ, ಈ ತುದಿ ನಾನು. ಇಡೀ ಬೀದಿ ಅವನು ನನ್ನನ್ನೇ ನೋಡ್ತಾ ಹಿಂದಕ್ಕೆ ನಡೆದ. ಈ ಸಲ ನಾನೂ ದಾರಿ ನೋಡಲಿಲ್ಲ. ಅವನು ಹೂಕುಂಡಕ್ಕೆ ಡಿಕ್ಕಿ ಹೊಡೆದಮೇಲೇ ನಾವು ನಿಂತದ್ದು.